ಏಳರ ಅಂಕ, ಎಂಟರ ಶಾಲೆ

ಹನಕೆರೆಯ ನಿವೃತ್ತ ಮೇಷ್ಟ್ರೊಬ್ಬರು, ಅವರ ಹಳೆಯ ವಿದ್ಯಾರ್ಥಿನಿಯೊಬ್ಬರು. ಈಕೆ ಈಗ ಎರಡು ಮಕ್ಕಳ ತಾಯಿ. ಮನೆಯಲ್ಲಿ ಎರಡು ಹಸು, ಜೊತೆಗೆ ಗದ್ದೆ ಕೆಲಸ. 2025ರ ಏಪ್ರಿಲ್, ಶಾಲೆಗಳಿಗೆ ಬೇಸಿಗೆ ರಜೆ ಬಿದ್ದ ದಿನಗಳು.

— ಮೇಷ್ಟ್ರೆ, ವಸಿ ಈ ಕಾರ್ಡ್ ನೋಡಿ. ಮಗಳದು. ಏಳ್ನೇ ಕ್ಲಾಸ್ ಮುಗೀತು. ‘ಸಮುದಾಯದತ್ತ ಶಾಲೆ’ ದಿನ ಕರೆದು ಕೊಟ್ರು. ಎಲ್ಲದ್ರಲ್ಲೂ ‘ಎ’ ಅದೆ, ಗಣಿತ ಇಂಗ್ಲಿಷಲ್ಲಿ ಮಾತ್ರ ‘ಬಿ ಪ್ಲಸ್’.

— ಚೆನ್ನಾಗೇ ಬಂದಿದೆಯಲ್ಲವ್ವ. ಮುಖ ಯಾಕೆ ಸಪ್ಪಗಿದೆ?

— ಎಂಟಕ್ಕೆ ಮಂಡ್ಯದಲ್ಲೊಂದು ಇಸ್ಕೂಲ್‌ಗೆ ಸೇರ್ಸಣ ಅಂತ ಹೋಗಿದ್ವಿ. ಆಫೀಸಲ್ಲಿ ಕಾರ್ಡ್ ಇಸ್ಕಂಡು ಗಣಿತದ ಸಾಲಿನ ಮೇಲೆ ಬೆಳ್ಳಿಟ್ರು. ‘ಒಂದು ಸಣ್ಣ ಟೆಸ್ಟ್ ಬರೀಲಿ, ಆಮೇಲೆ ಹೇಳ್ತೀವಿ’ ಅಂದ್ರು. ಬರೆದ್ಲು. ಎರಡು ದಿನ ಬುಟ್ಟು ಫೋನ್ ಮಾಡಿದ್ರೆ ಸೀಟ್ ತುಂಬೋಗದೆ ಅಂದ್ರು. ನಮ್ಮ ಎದುರು ಮನೇವ್ರು ಅದಾದ ಮ್ಯಾಲೆ ಹೋಗಿ ಸೇರ್ಸವ್ರೆ. ಅವ್ರ ಮಗಂದು ‘ಎ ಪ್ಲಸ್’. ಏಳ್ನೇ ಕ್ಲಾಸಿನ ನಂಬರ್ ನೋಡೇ ಹೈಸ್ಕೂಲ್ ಕೊಡದಾ?

— ಕಾನೂನಲ್ಲಿ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ನು ಅದನ್ನ ನೇರವಾಗೇ ಹೇಳುತ್ತೆ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನ ಸೇರಿಸಿಕೊಳ್ಳುವಾಗ ಮಗುವಿಗಾಗಲಿ, ಹೆತ್ತವರಿಗಾಗಲಿ ಆಯ್ಕೆ ಪರೀಕ್ಷೆ ಮಾಡೋ ಹಾಗಿಲ್ಲ. ಮೊದಲ ಸಲ ಮಾಡಿದರೆ 25 ಸಾವಿರದವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರದವರೆಗೆ. ನಿನ್ನ ಮಗಳಿಗೆ ಎಷ್ಟು ವರ್ಷ?

— ಹದಿಮೂರಕ್ಕೆ ಬಿದ್ಲು.

— ಹಾಗಾದ್ರೆ ಎಂಟನೇ ಕ್ಲಾಸೂ ಆ ಕಾಯ್ದೆಯೊಳಗೇ ಬಂತು. ಸರ್ಕಾರಿ ಹೈಸ್ಕೂಲಿಗೆ ಟಿ.ಸಿ. ತಗೊಂಡು ಹೋದರೆ ಮುಗೀತು, ‘ಎ’ನೋ ‘ಸಿ’ನೋ ಯಾರೂ ಕೇಳಲ್ಲ. ಟಿ.ಸಿ. ಬರೋದು ತಡವಾಯ್ತು ಅಂತಲೂ ಮಗುವನ್ನ ವಾಪಸ್ ಕಳಿಸೋ ಹಾಗಿಲ್ಲ.

— ಆ ಕಾನೂನ್ ಇಟ್ಕಂಡು ನಾನು ಅಲ್ಲಿ ಜಗಳಕ್ಕೆ ನಿಂತ್ರೆ, ಅದೇ ಇಸ್ಕೂಲಲ್ಲಿ ನನ್ ಮಗೀನ ಸರಿಯಾಗ್ ನೋಡ್ಕತಾರಾ ಮೇಷ್ಟ್ರೆ?

— ಎಲ್ಲ ತಾಯಂದಿರೂ ಅಲ್ಲೇ ಸುಮ್ಮನಾಗೋದು. ಅದಕ್ಕೇ ಈ ಸೆಕ್ಷನ್ನು ಪುಸ್ತಕದಲ್ಲಿ ಉಳಿದಿದೆ. ಅವರು ಹಾಗೆ ಆರಿಸೋದು ಯಾಕೆ ಅಂತ ನೀನು ತಿಳ್ಕೊಬೇಕು. ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಮಂಡ್ಯದ ರಸ್ತೇಲಿ ಫ್ಲೆಕ್ಸು ನೋಡಿದೀಯಲ್ಲ, ‘ಶೇ. 100 ಫಲಿತಾಂಶ’ ಅಂತ? ಆ ನೂರು ಶುರುವಾಗೋದು ಎಂಟನೇ ಕ್ಲಾಸಿನ ದಾಖಲಾತಿಯಲ್ಲಿ. ಗಣಿತದಲ್ಲಿ ಹಿಂದಿರೋ ಮಗುವನ್ನ ಈಗಲೇ ಒಳಗೆ ಬಿಡದಿದ್ರೆ ಮೂರು ವರ್ಷ ಆದಮೇಲೆ ಆ ಮಗು ಫೇಲಾಗೋ ಪ್ರಶ್ನೆಯೇ ಬರಲ್ಲ. ನೂರಕ್ಕೆ ನೂರು ಅನ್ನೋದ್ರಲ್ಲಿ ಕಲಿಸಿದ್ದೆಷ್ಟು, ಆರಿಸಿದ್ದೆಷ್ಟು ಅಂತ ಫ್ಲೆಕ್ಸು ಹೇಳಲ್ಲ. ‘ಸಿ’ ಬಂದಿರೋ ಮಗುವನ್ನ ಸೇರಿಸಿಕೊಂಡು ಮೂರು ವರ್ಷದಲ್ಲಿ ಪಾಸು ಮಾಡಿಸಿದ ಸರ್ಕಾರಿ ಹೈಸ್ಕೂಲಿನ ಮೇಷ್ಟ್ರಿಗೆ ಯಾವ ಫ್ಲೆಕ್ಸೂ ಇಲ್ಲ. ಶೇಕಡಾವಾರು ಇಳಿದಾಗ ನೋಟಿಸು ಬರೋದು ಮಾತ್ರ ಅವರಿಗೇ. ನನಗೆ ಇದರಷ್ಟು ನೋವು ಕೊಡೋ ಅನ್ಯಾಯ ಇನ್ನೊಂದಿಲ್ಲ.

— ಆದ್ರೂ ಒಂದ್ ಮಾತು. ನಾವು ಪಬ್ಲಿಕ್ ಬರ್ದೋರು. ನಿಮ್ ಕೈಲೇ ಏಳ್ನೇದು ಓದಿದ್ದು. ಬೇರೆ ಊರಲ್ಲಿ ಸೆಂಟರು, ಬೆಂಚಿನ ಮ್ಯಾಲೆ ನಂಬರು, ಗುರ್ತಿಲ್ದಿರೋ ಮೇಷ್ಟ್ರು. ಆ ಭಯಕ್ಕೇ ಓದ್ತಿದ್ವಿ. ಈಗಿನ ಐಕ್ಳಿಗೆ ಹತ್ತನೇ ಕ್ಲಾಸ್ ಗಂಟ ಭಯವೇ ಇಲ್ಲ. ಪರೀಕ್ಷೆ ಇದ್ರೇ ಚೆಂದಾಗಿತ್ತು ಅನ್ಸತ್ತೆ.

— ನಿನ್ನ ಜೊತೆ ಬರೆದೋರೆಲ್ಲ ಎಂಟಕ್ಕೆ ಬಂದ್ರಾ?

— ಇಲ್ಲ. ನನ್ ಪಕ್ಕ ಕೂರ್ತಿದ್ದೋಳು ಗಣಿತದಲ್ಲಿ ಹೋದ್ಲು. ಅವಳ ಅಣ್ಣನೂ ಒಂದ್ಸಲ ಹೋಗಿದ್ದ, ಅವನ್ನ ಮತ್ತೆ ಕಟ್ಸಿ ಬರೆಸಿದ್ರು. ಇವಳನ್ನ ಗದ್ದೆಗೆ ಕರ್ಕಂಡ್ ಹೋದ್ರು. ಮೂರ್ನಾಕು ವರ್ಸಕ್ಕೇ ಮದ್ವೆ ಮಾಡ್ಬುಟ್ರು. ಈಗ ಸ್ತ್ರೀಶಕ್ತಿ ಸಂಘದ ಲೆಕ್ಕ ಅವಳೇ ಬಾಯಲ್ಲಿ ಹಾಕೋದು, ನಾನು ಪುಸ್ತಕದಲ್ಲಿ ಬರ್ಕತೀನಿ.

— ಬಾಯಲ್ಲಿ ಲೆಕ್ಕ ಹಾಕೋಳು ಗಣಿತದಲ್ಲಿ ಫೇಲು. ಆ ಪರೀಕ್ಷೆ ಏನು ಮಾಡ್ತಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಗಂಡು ಮಗ ಫೇಲಾದ್ರೆ ಮತ್ತೊಂದು ಸಲ ಕಟ್ಟಿಸೋರು, ಹೆಣ್ಣು ಮಗಳು ಫೇಲಾದ್ರೆ ಓದು ಅಲ್ಲಿಗೇ ನಿಲ್ತಿತ್ತು.

ಅದಕ್ಕೂ ಹಿಂದೆ, ನಮ್ಮಪ್ಪನ ಕಾಲಕ್ಕೆ, ಎಲ್.ಎಸ್. ಅಂತಿತ್ತು. ಲೋಯರ್ ಸೆಕೆಂಡರಿ. ಮಿಡ್ಲ್ ಸ್ಕೂಲು ಮುಗಿಸಿದೋರು ಬರೀಬೇಕು, ಪಾಸಾದೋರಿಗೇ ಹೈಸ್ಕೂಲು. ಧಾರವಾಡ, ಬೆಳಗಾವಿ ಕಡೆ ಮುಲ್ಕಿ ಪರೀಕ್ಷೆ ಅಂತಿದ್ರು, ಅದು ಪಾಸಾದೋರು ಅದೇ ಸರ್ಟಿಫಿಕೇಟಲ್ಲಿ ಮೇಷ್ಟ್ರು ಕೆಲಸಕ್ಕೆ ಸೇರ್ತಿದ್ರು. ಆಗ ಆ ಪರೀಕ್ಷೆಗೆ ಒಂದು ಕಾರಣ ಇತ್ತು, ಹೈಸ್ಕೂಲುಗಳೇ ಕಡಿಮೆ. ಮಂಡ್ಯ ಮೈಸೂರಿಂದ ಬೇರೆಯಾಗಿ ಜಿಲ್ಲೆ ಆದದ್ದೇ 1939ರಲ್ಲಿ. ಬರೋ ಮಕ್ಕಳು ಹೆಚ್ಚು, ಕೂರಿಸೋಕೆ ಜಾಗ ಕಡಿಮೆ, ಅದಕ್ಕೆ ಸೋಸಬೇಕಾಗಿತ್ತು. ಆಮೇಲೆ ಮಂಡ್ಯದಲ್ಲಿ ಕೆ.ವಿ. ಶಂಕರಗೌಡರು, ಕೆ.ಎಂ. ದೊಡ್ಡಿಯಲ್ಲಿ ಜಿ. ಮಾದೇಗೌಡರು ವಿದ್ಯಾಸಂಸ್ಥೆ ಕಟ್ಟಿದ್ರು, ಸರ್ಕಾರವೂ ಹೋಬಳಿ ಹೋಬಳಿಗೆ ಹೈಸ್ಕೂಲು ಕೊಡ್ತಾ ಬಂತು. 2006-07ರಲ್ಲಿ ಎಂಟನೇ ಕ್ಲಾಸಿಗೇ ಸೈಕಲ್ ಕೊಡೋಕೆ ಶುರು ಮಾಡಿದ್ರಲ್ಲ, ಯಾಕೆ ಎಂಟಕ್ಕೇ? ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಬಿಟ್ಟು ಹೋಗ್ತಿದ್ದದ್ದೇ ಅಲ್ಲಿ. ಈಗ ನಿನ್ನ ಮಗಳಿಗೆ ಬಸ್ಸಿನ ಕಾಸೂ ಬೇಡ. ಜಾಗ ಇದೆ, ದಾರಿ ಇದೆ. ಸೋಸೋ ಅಗತ್ಯ ಹೋಯ್ತು. ಸೋಸೋ ಅಭ್ಯಾಸ ಮಾತ್ರ ಉಳೀತು.

— ಮತ್ತೆ ಸರ್ಕಾರವೇ ಯಾಕೆ ಐದಕ್ಕೆ ಪಬ್ಲಿಕ್ ಮಾಡ್ತು? ನಮ್ ಹುಡ್ಗಿ ಐದರಲ್ಲಿದ್ದಾಗ ಬರ್ದವ್ಳೆ. ನಾಳೆ ಪರೀಕ್ಷೆ ಅಂತ ಒಂದು ದಿನ, ಇಲ್ಲ ಅಂತ ಒಂದು ದಿನ. ಮಗು ಊಟ ಬುಡ್ತು.

— ನೆನಪಿದೆ. 2022ರ ಡಿಸೆಂಬರಲ್ಲಿ ಸುತ್ತೋಲೆ ಬಂತು, ಐದಕ್ಕೂ ಎಂಟಕ್ಕೂ ಪರೀಕ್ಷಾ ಮಂಡಲಿಯಿಂದಲೇ ಪ್ರಶ್ನೆಪತ್ರಿಕೆ ಅಂತ. 2023ರ ಮಾರ್ಚ್ 10ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನ ರದ್ದು ಮಾಡ್ತು. 15ಕ್ಕೆ ವಿಭಾಗೀಯ ಪೀಠ ನಡೆಸಿ ಅಂದ್ತು. 27ಕ್ಕೆ ಪರೀಕ್ಷೆ ಶುರು. ಮುಂದಿನ ವರ್ಷ ಇನ್ನೂ ಕಷ್ಟ. ಐದು, ಎಂಟು, ಒಂಬತ್ತು, ಹನ್ನೊಂದು, ನಾಲ್ಕು ತರಗತಿಗೆ. 2024ರ ಮಾರ್ಚ್ 6ಕ್ಕೆ ರದ್ದು, 7ಕ್ಕೆ ಆ ಆದೇಶಕ್ಕೇ ತಡೆ, 11ಕ್ಕೆ ಪರೀಕ್ಷೆ ಶುರು, 12ಕ್ಕೆ ಸುಪ್ರೀಂ ಕೋರ್ಟ್ ತಡೆ. ಒಂದೆರಡು ವಿಷಯ ಬರೆದು ಮಕ್ಕಳು ಮನೇಲಿ ಕೂತ್ರು. 25ಕ್ಕೆ ಉಳಿದ ಪರೀಕ್ಷೆ. ಏಪ್ರಿಲ್ 8ಕ್ಕೆ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ಮತ್ತೆ ತಡೆ. ಹತ್ತು ವರ್ಷದ ಮಗುವಿನ ಮೇಲೆ ಇದನ್ನೆಲ್ಲ ಹೊರಿಸಬಾರದಾಗಿತ್ತು.

ಆದರೆ ಸರ್ಕಾರದ ಮನಸ್ಸಲ್ಲಿದ್ದ ಆತಂಕ ಸುಳ್ಳಲ್ಲವ್ವ. ಅದನ್ನೂ ಹೇಳ್ಬೇಕು. ನಿನ್ನ ಮಗಳು ಎರಡನೇ ಕ್ಲಾಸಲ್ಲಿದ್ದಾಗ, 2020ರ ಮಾರ್ಚಲ್ಲಿ, ಶಾಲೆ ಮುಚ್ಚಿತು. ಒಂದರಿಂದ ಐದರ ಮಕ್ಕಳಿಗೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟೊತ್ತಿಗೆ ಇವಳು ನಾಲ್ಕನೇ ಕ್ಲಾಸು.

— ಮಾರಮ್ಮನ ಗುಡಿ ಜಗಲೀಲಿ ವಸಿ ದಿನ ಪಾಠ ಮಾಡಿದ್ರಲ್ಲ?

— ವಿದ್ಯಾಗಮ. ಅದೂ ಕೆಲವು ತಿಂಗಳಿಗೇ ನಿಂತುಹೋಯ್ತು. ಲೆಕ್ಕ ಹಾಕು. ಗುಣಾಕಾರ ಕೂರೋ ಹೊತ್ತು, ಭಾಗಾಕಾರ ಶುರುವಾಗೋ ಹೊತ್ತು, ಒತ್ತಕ್ಷರ ತಡವರಿಸದೆ ಓದೋಕೆ ಬರೋ ಹೊತ್ತು. ಇಡೀ ಮೂರನೇ ಕ್ಲಾಸು ಆ ಮಕ್ಕಳ ಬಾಳಲ್ಲಿ ಇಲ್ಲ. ಈಗ ಕಾರ್ಡಲ್ಲಿ ಗಣಿತದ ‘ಬಿ ಪ್ಲಸ್’ ಅಂದರೆ ಏನು? 50ರಿಂದ 69. ಐವತ್ತು ಬಂದೋಳೂ ಅಲ್ಲೇ, ಅರವತ್ತೊಂಬತ್ತು ಬಂದೋಳೂ ಅಲ್ಲೇ. ಮೂರನೇ ಕ್ಲಾಸಿನ ಭಾಗಾಕಾರ ಬಾರದವಳೂ ಅಲ್ಲೇ ಇರಬಹುದು, ಭಿನ್ನರಾಶಿಯಲ್ಲಿ ಮಾತ್ರ ಎಡವೋಳೂ ಅಲ್ಲೇ ಇರಬಹುದು. ಮಂಡ್ಯದ ಆಫೀಸಲ್ಲಿ ಬೆಳ್ಳಿಟ್ಟೋರಿಗೆ ಅದು ಬೇಕಾಗಿಲ್ಲ. ಎಂಟನೇ ಕ್ಲಾಸಿನ ಮೇಷ್ಟ್ರಿಗೆ ಬೇಕಾಗಿರೋದು ಅದೊಂದೇ.

— ಡೇರೀಲಿ ಫ್ಯಾಟ್ ನೋಡಿ ರೇಟ್ ಹಾಕಂಗೆ ಆಯ್ತು ಮೇಷ್ಟ್ರೆ. ಹಾಲಿಗೆ ಹಾಕಲಿ. ಮಗೀಗೆ?

— ಡೇರೀಲಿ ಫ್ಯಾಟು ಇಳಿದಾಗ ನೀನು ಮನೇಲಿ ಏನು ಮಾಡ್ತೀಯ?

— ಮೇವು ನೋಡ್ತೀನಿ. ಹಿಂಡಿ, ಹಸಿ ಹುಲ್ಲು ಎಷ್ಟ್ ಬಿದ್ದದೆ ಅಂತ. ಹಂಗೂ ಇಳುದ್ರೆ ಡಾಕ್ಟ್ರಿಗೆ ತೋರಿಸ್ತೀನಿ.

— ಅಷ್ಟನ್ನೇ ನಾನು ಶಾಲೆಗೆ ಕೇಳೋದು. ಅಳತೆ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಅಳೆದ ಮೇಲೆ ಮಗುವನ್ನ ಯಾವ ಕಟ್ಟಡಕ್ಕೆ ಕಳಿಸಬೇಕು ಅಂತ ಯೋಚಿಸ್ತೀವಿ. ಮಗುವಿಗೆ ಎಲ್ಲಿಂದ ಹೇಳಿಕೊಡಬೇಕು ಅಂತ ಯೋಚಿಸಲ್ಲ. 2023ರಲ್ಲಿ ಮಗಳು ಐದರ ಪರೀಕ್ಷೆ ಬರೆದಳಲ್ಲ, ಯಾವ ಪಾಠ ಬಂದಿಲ್ಲ ಅಂತ ನಿನಗೆ ಯಾರಾದ್ರೂ ಹೇಳಿದ್ರಾ?

— ಯಾರನ್ನೂ ಫೇಲ್ ಮಾಡಲ್ವಂತೆ, ಪಾಸು ಅಂದ್ರು. ಅಷ್ಟೇಯ.

— ಫೇಲ್ ಮಾಡದೇ ಇದ್ದದ್ದು ಸರಿ. ಏನೂ ಹೇಳದೇ ಇದ್ದದ್ದು ಸರಿಯಲ್ಲ. ಇಂಥ ಮಕ್ಕಳು ಹತ್ತಕ್ಕೆ ಬಂದಾಗ ಗೊತ್ತಾಗುತ್ತೆ. 2023ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದೋರು ಶೇ. 83.89. ಮರುವರ್ಷ ಕೊಠಡಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ್ರು, ಶೇ. 73.40ಕ್ಕೆ ಬಂತು. ಅದೂ ಕೃಪಾಂಕ ಹೆಚ್ಚು ಮಾಡಿದ ಮೇಲೆ. ಆ ಮಕ್ಕಳು ಹಿಂದೆ ಬಿದ್ದದ್ದು ಹತ್ತರಲ್ಲಲ್ಲ. ನಾಲ್ಕರಲ್ಲೋ ಐದರಲ್ಲೋ ಬಿದ್ದೋರು, ಕಣ್ಣಿಗೆ ಬಿದ್ದದ್ದು ಹತ್ತರಲ್ಲಿ.

— ಚಿಕ್ಕೋನ ವಿಷ್ಯ ಇನ್ನೊಂದದೆ. ಜೂನಿಗೆ ಐದಕ್ಕೆ ಹೋಯ್ತನೆ. ನವೋದಯಕ್ಕೆ ಕಟ್ಸಿ ಅಂತ ಎಲ್ರೂ ಅಂತಾರೆ. ನಮ್ಮೋರೊಬ್ರು ಮಗನ್ನ ಇಸ್ಕೂಲ್ ಬುಡ್ಸಿ ಕೋಚಿಂಗ್ ಹಾಸ್ಟೆಲಲ್ಲಿ ಇಟ್ಟವ್ರೆ.

— ಕಟ್ಟಿಸು. ಒಳ್ಳೇ ಶಾಲೆ. ಶಿವಾರಗುಡ್ಡದಲ್ಲಿದೆ, ಮದ್ದೂರು ತಾಲ್ಲೂಕು. ಊಟ, ಬಟ್ಟೆ, ಪುಸ್ತಕ, ವಸತಿ ಎಲ್ಲ ಸರ್ಕಾರದ್ದೇ. ಸೀಟಲ್ಲಿ ಮುಕ್ಕಾಲು ಪಾಲು ಹಳ್ಳಿ ಮಕ್ಕಳಿಗೆ, ಅದಕ್ಕೆ ಮೂರು, ನಾಲ್ಕು, ಐದು ಹಳ್ಳಿ ಶಾಲೇಲೇ ಓದಿರಬೇಕು. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅರ್ಧ ಅಂಕ ಚಿತ್ರ ನೋಡಿ ಯೋಚಿಸೋ ಪ್ರಶ್ನೆಗೆ, ಉಳಿದದ್ದು ಲೆಕ್ಕಕ್ಕೆ ಮತ್ತು ಭಾಷೆಗೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಆರನೇ ಕ್ಲಾಸಿಗೇ ಪ್ರವೇಶ ಪರೀಕ್ಷೆ ಇದೆ, ಅದನ್ನೂ ಬರೆಸು.

ಆದರೆ ಒಂದು ನೆನಪಿಟ್ಕೊ. ನವೋದಯಕ್ಕೆ ಇಡೀ ಜಿಲ್ಲೆಗೆ ಇರೋದು 80 ಸೀಟು. ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಏಳು ತಾಲ್ಲೂಕಿಗೆ ಸೇರಿ. ಆರನೇ ಕ್ಲಾಸಿನ ಆ ಪರೀಕ್ಷೇನ ಎರಡನೇ ಸಲ ಬರೆಯೋ ಹಾಗಿಲ್ಲ. ಸಿಗದೇ ಇರೋದು ಬಹುಪಾಲು ಮಕ್ಕಳಿಗೆ. ಆ ಬಹುಪಾಲು ಮಕ್ಕಳು ಹತ್ತು ವರ್ಷಕ್ಕೇ ‘ನಾನು ದಡ್ಡ’ ಅಂತ ತೀರ್ಮಾನ ಮಾಡ್ಕೊಂಡು ಬಂದು ಊರ ಶಾಲೇಲಿ ಕೂರ್ತಾರೆ. ಅವರಿಗೆ ಯಾರೂ ಹೇಳಿರಲ್ಲ, ಅದು ಪಾಸು ಫೇಲಿನ ಪರೀಕ್ಷೆ ಅಲ್ಲ, ಎಂಬತ್ತನ್ನ ಎತ್ತಿಕೊಳ್ಳೋ ಪರೀಕ್ಷೆ ಅಂತ. ಎಂಬತ್ತೊಂದನೇ ಮಗು ಎಂಬತ್ತನೆಯದಕ್ಕಿಂತ ಏನು ಕಡಿಮೆ? ಮಗನಿಗೆ ಬರೆಯೋಕೆ ಮೊದಲೇ ಇದನ್ನ ಹೇಳು. ಕೋಚಿಂಗಿಗೆ ಅಂತ ಶಾಲೆ ಮಾತ್ರ ಬಿಡಿಸಬೇಡ. ಸೀಟು ಸಿಗದೇ ಇದ್ರೆ ಐದನೇ ಕ್ಲಾಸಿನ ಪಾಠವೂ ಹೋಗಿರುತ್ತೆ.

— ಅಲ್ಲೂ ಈಗ ಫೇಲ್ ಮಾಡ್ತಾರಂತೆ?

— ಹೌದು, 2024ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಾಯಿಸ್ತು. ನವೋದಯ, ಕೇಂದ್ರೀಯ ವಿದ್ಯಾಲಯದಂಥ ತನ್ನ ಶಾಲೆಗಳಲ್ಲಿ ಐದು ಮತ್ತು ಎಂಟರಲ್ಲಿ ಫೇಲಾದ್ರೆ ಎರಡು ತಿಂಗಳೊಳಗೆ ಮತ್ತೆ ಪರೀಕ್ಷೆ, ಅಲ್ಲೂ ಆಗದಿದ್ರೆ ಅದೇ ಕ್ಲಾಸು. ಆ ಎರಡು ತಿಂಗಳು ವಿಶೇಷ ಪಾಠ ಮಾಡಬೇಕು ಅಂತಲೂ ಬರೆದಿದಾರೆ. ಆ ಸಾಲು ಎಷ್ಟು ಕಡೆ ನಡೆಯುತ್ತೆ ಅನ್ನೋದರ ಮೇಲೆ ಉಳಿದದ್ದು.

— ಬೇರೆ ದೇಶದಲ್ಲೂ ಹಿಂಗೇನಾ?

— ನಮಗಿಂತ ಕಠಿಣವಾಗಿದ್ದ ದೇಶಗಳಿವೆ. ಸಿಂಗಪುರದಲ್ಲಿ ಪ್ರಾಥಮಿಕ ಶಾಲೆಯ ಕೊನೇ ಪರೀಕ್ಷೆಯ ಅಂಕ ನೋಡೇ ಹೈಸ್ಕೂಲು ಹಂಚೋದು, ಇವತ್ತಿಗೂ. ಅವರೂ ಸಡಿಲ ಮಾಡ್ತಾ ಬಂದಿದಾರೆ. 2021ರಿಂದ ಅಂಕದ ಬದಲು ಮಟ್ಟ, 2024ರಿಂದ ಹೈಸ್ಕೂಲಿಗೆ ಸೇರೋ ಮಕ್ಕಳನ್ನ ‘ಚುರುಕು’, ‘ಸಾಧಾರಣ’ ಅಂತ ಬೇರೆ ಬೇರೆ ಗುಂಪು ಮಾಡೋದೂ ನಿಂತಿದೆ. ಗಣಿತದಲ್ಲಿ ಮುಂದಿರೋ ಮಗು ಗಣಿತವನ್ನ ಮೇಲಿನ ಮಟ್ಟದಲ್ಲಿ ಓದಬಹುದು, ಭಾಷೇಲಿ ಹಿಂದಿದ್ರೆ ಅದನ್ನ ನಿಧಾನಕ್ಕೆ. ಕೀನ್ಯಾದಲ್ಲಿ ಎಂಟನೇ ಕ್ಲಾಸಿನ ಪರೀಕ್ಷೆ 1985ರಿಂದ ಮಕ್ಕಳ ಹಣೆಬರಹ ಬರೀತಿತ್ತು, 2023ಕ್ಕೆ ಕೊನೆಯ ಸಲ ನಡೆಸಿ ಬಿಟ್ಟರು. ಅವರೆಲ್ಲ ಬಿಡ್ತಿರೋದನ್ನ ನಾವು ಹಿಂಬಾಗಿಲಿಂದ ತರ್ತಿದೀವಿ ಅನ್ನೋದೇ ನನ್ನ ಸಂಕಟ.

— ಆಗ್ಲಿ ಬುಡಿ. ಈಗ ನನ್ ಮಗ್ಳಿಗೆ ಏನ್ ಮಾಡ್ಲಿ? ಮಂಡ್ಯದಲ್ಲೇ ಇನ್ನೊಂದ್ ಇಸ್ಕೂಲು ಸೇರಿಸ್ಕತೀವಿ ಅಂದವ್ರೆ. ಇಂಗ್ಲಿಷ್ ಮೀಡಿಯಮ್ಮು. ಫೀಸ್ ಜಾಸ್ತಿ, ಒಂದ್ ಹಸ ಮಾರ್ಬೇಕು.

— ಮಾರೋ ಮೊದಲು ಒಂದು ಲೆಕ್ಕ ಕೇಳು. ಇವಳು ಒಂದರಿಂದ ಏಳರವರೆಗೆ ಹಳ್ಳಿ ಶಾಲೆ, ಕನ್ನಡ ಮಾಧ್ಯಮ. ಮುಂದೆ ಪಿಯುಸಿ ಸೈನ್ಸ್ ಓದಿ ಸಿಇಟಿ ಬರೆದಳು ಅನ್ನು. ಗ್ರಾಮೀಣ ವಿದ್ಯಾರ್ಥಿ ಅಂತ ಶೇ. 15 ಮೀಸಲಾತಿ ಇದೆ, ಕನ್ನಡ ಮಾಧ್ಯಮ ಅಂತ ಶೇ. 5. ಎರಡಕ್ಕೂ ಒಂದರಿಂದ ಹತ್ತು, ಪೂರಾ ಹತ್ತು ವರ್ಷ ಇರಬೇಕು. ಮಂಡ್ಯ ನಗರದ ಇಂಗ್ಲಿಷ್ ಮೀಡಿಯಮ್ಮಿಗೆ ಎಂಟಕ್ಕೆ ಹಾಕಿದ ದಿನವೇ ಎರಡೂ ಹೋಯ್ತು. ಏಳು ವರ್ಷ ಕೂಡಿಟ್ಟದ್ದು ಮೂರು ವರ್ಷಕ್ಕೆ ಕಳಕೊಂಡ ಹಾಗೆ.

— ಇದನ್ನ ಯಾರೂ ಹೇಳ್ಲೇ ಇಲ್ವಲ್ಲ ಮೇಷ್ಟ್ರೆ!

— ದಾಖಲಾತಿ ಕೌಂಟರಲ್ಲಿ ಯಾರು ಹೇಳ್ತಾರೆ? ನಾನೇನು ಪೇಟೆ ಶಾಲೆ ಕೆಟ್ಟದ್ದು ಅಂತಿಲ್ಲ. ಅಲ್ಲಿ ಒಳ್ಳೇ ಮೇಷ್ಟ್ರಿದ್ದು ಮಗುವಿಗೆ ಅನುಕೂಲ ಆಗೋದಾದ್ರೆ ಮೀಸಲಾತಿ ಹೋದ್ರೂ ಹೋಗಲಿ ಅನ್ನೋ ಸಂದರ್ಭ ಇರುತ್ತೆ. ತಿಳಿದು ಬಿಡು, ತಿಳೀದೆ ಬಿಡಬೇಡ.

— ಇಲ್ಲೇ ಸರ್ಕಾರಿ ಹೈಸ್ಕೂಲಿಗೆ ಹಾಕುದ್ರೆ ಆ ಗಣಿತ ಸರಿ ಹೋಗದಾ? ಅಲ್ಲಿ ಎಲ್ಲಾ ತರದ ಐಕ್ಳೂ ಬತ್ತವೆ. ಇವಳಿಗೇ ಅಂತ ಯಾರ್ ಕೂತು ಹೇಳ್ಕೊಡ್ತಾರೆ?

— ಅದಕ್ಕೆ ಒಂದು ದಾರಿ ಆಗಲೇ ಇದೆ. ಸೇತುಬಂಧ ಅಂತ. ಶಾಲೆ ಶುರುವಾದ ಕೂಡಲೇ ಎಂಟನೇ ಕ್ಲಾಸಿನ ಪಾಠಕ್ಕೆ ಕೈ ಹಾಕಬಾರದು. ಮೊದಲು ನೈದಾನಿಕ ಪರೀಕ್ಷೆ, ಹಿಂದಿನ ಕ್ಲಾಸುಗಳದ್ದು ಏನು ಬಂದಿದೆ, ಏನು ಬಂದಿಲ್ಲ ಅಂತ. ಬಾರದ್ದನ್ನ ಹೇಳಿಕೊಟ್ಟು, ಆಮೇಲೆ ಸಾಫಲ್ಯ ಪರೀಕ್ಷೆ. ಎಲ್ಲ ಶಾಲೇಲೂ ಇದರ ಫೈಲು ಇರುತ್ತೆ. ಆ ಕೆಲವು ವಾರಾನ ಮನಸ್ಸಿಟ್ಟು ಮಾಡಿದ ಶಾಲೆಗಳಲ್ಲಿ, ಭಾಗಾಕಾರ ಬಾರದ ಹುಡುಗ ಒಂಬತ್ತಕ್ಕೆ ಬರೋ ಹೊತ್ತಿಗೆ ಸಮೀಕರಣ ಬಿಡಿಸೋದನ್ನ ನಾನು ಕಣ್ಣಾರೆ ನೋಡಿದೀನಿ. ಪಾಠ ಮುಗಿಸೋ ಆತುರದಲ್ಲಿ ಕಾಗದದ ಮೇಲೆ ಮಾತ್ರ ಮಾಡಿದ ಕಡೆ ಮಗು ಮೂರು ವರ್ಷ ಸುಮ್ಮನೆ ಬೋರ್ಡು ನೋಡ್ತಾ ಕೂರುತ್ತೆ.

ಏಳನೇ ಕ್ಲಾಸಿನ ಮೇಷ್ಟ್ರು ಎಂಟನೇ ಕ್ಲಾಸಿನ ಮೇಷ್ಟ್ರಿಗೆ ಒಂದು ಹಾಳೆ ಬರೆದು ಕಳಿಸಲಿ ಅಂತ ನನ್ನ ಆಸೆ. ಗ್ರೇಡು ಬೇಡ. ‘ಈ ಹುಡುಗಿ ಕನ್ನಡ ಸರಾಗ ಓದ್ತಾಳೆ. ಭಾಗಾಕಾರ ಎರಡಂಕಿಗೆ ಬಂದಾಗ ತಪ್ಪುತ್ತಾಳೆ. ದಶಾಂಶ ಬರಲ್ಲ. ಇಂಗ್ಲಿಷ್ ಓದ್ತಾಳೆ, ಅರ್ಥ ಆಗಲ್ಲ. ಕೇಳೋಕೆ ನಾಚಿಕೆ, ನೀವೇ ಕರೆದು ಕೇಳಿ.’ ಇಷ್ಟು ಸಾಕು. ಪಕ್ಕದ ಕಟ್ಟಡದಲ್ಲೇ ಹೈಸ್ಕೂಲಿದ್ರೂ ಇಂಥ ಹಾಳೆ ಹೋಗಲ್ಲ. ಹೋಗೋದು ಟಿ.ಸಿ., ಅಂಕಪಟ್ಟಿ, ಕಂಪ್ಯೂಟರಿನ ನಂಬರು.

— ಆ ಹಾಳೆ ನೀವೇ ಬರೀರಿ ಮೇಷ್ಟ್ರೆ. ನಾಳೆ ಹುಡ್ಗೀನ ಕಳಿಸ್ತೀನಿ.

— ಕಳಿಸು. ನಾಲ್ಕನೇ ಕ್ಲಾಸಿನ ಗಣಿತದ ಪುಸ್ತಕ ಮನೇಲಿದ್ರೆ ತಮ್ಮನದ್ದು ತರಲಿ. ಅಲ್ಲಿಂದ ನೋಡ್ತೀನಿ. ಅವಳಿಗೆ ಪರೀಕ್ಷೆ ಅಂತ ಹೇಳಬೇಡ.

— ಹೇಳಲ್ಲ. ಒಂದ್ ಕೇಳ್ಲಾ? ಹೈಸ್ಕೂಲಲ್ಲಿ ಈ ವರ್ಸ ಗಣಿತಕ್ಕೆ ಖಾಯಂ ಮೇಷ್ಟ್ರು ಇರ್ತಾರಾ, ಇಲ್ಲಾ ಅತಿಥಿ ಶಿಕ್ಷಕ್ರು ಬರಗಂಟ ಕಾಯ್ಬೇಕಾ? ಜುಲೈ ಆಗೋದ್ರೆ ನಿಮ್ ಹಾಳೆ ಯಾರಿಗ್ ಕೊಡದು?

— ಕೇಳಬೇಕಾದ ಪ್ರಶ್ನೆ ಇದೇ ಕಣವ್ವ. ಅದು ನನಗೆ ಕೇಳೋದಲ್ಲ. ಮೇ ಕೊನೇಲಿ ದಾಖಲಾತಿ ಶುರುವಾದಾಗ ಹೆಡ್‌ಮಾಸ್ಟ್ರಿಗೂ ಎಸ್‌ಡಿಎಂಸಿಗೂ ಕೇಳು, ಬರೆದು ಕೊಡು. ಹುದ್ದೆ ಖಾಲಿ ಇದ್ರೆ ಶಾಲೆ ತೆರೆಯೋ ದಿನಕ್ಕೇ ಅತಿಥಿ ಶಿಕ್ಷಕರನ್ನ ಹಾಕಿ ಅಂತ ಬಿಇಒ ಕಚೇರಿಗೂ ಒಂದು ಅರ್ಜಿ. ಒಬ್ಬಳೇ ಹೋಗಬೇಡ. ಎಂಟಕ್ಕೆ ಹೋಗೋ ಮಕ್ಕಳ ತಾಯಂದಿರು ಎಷ್ಟು ಜನ ಇದೀರಿ?

— ಸಂಘದಲ್ಲೇ ಐದಾರು ಜನ ಅವ್ರೆ. ಅವಳೂ ಬತ್ತಾಳೆ, ಬಾಯಲ್ಲಿ ಲೆಕ್ಕ ಹಾಕೋಳು. ಅವಳ ಮಗನೂ ಈ ವರ್ಸ ಎಂಟಕ್ಕೇ.

— ಅವನನ್ನೂ ನಾಳೆ ಕಳಿಸಿಕೊಡು.